ಕತ್ತಲೆಕಾನಿನಲ್ಲಿ ಒಂದು ದಿನದ ಸುತ್ತು

ಕಾಡನ್ನು ಅಭ್ಯಸಿಸಬಯಸುವ ವಿದ್ಯಾರ್ಥಿಗಳು ಹೋದ ದಾರಿಯಲ್ಲೇ ಹಿಂತಿರುಗದೆ, ಸಾಧ್ಯವಾದಮಟ್ಟಿಗೆ ಒಂದು ಸುತ್ತುಹಾದಿಯನ್ನು ಹಿಡಿಯುವುದು ಲೇಸು. ಕಣಿವೆಯ ಬಾಯಿಂದ ಹೊರಟು, ದಿಣ್ಣೆಯ ನೆತ್ತಿಯನ್ನು ದಾಟಿ, ಮತ್ತೊಂದು ಮಗ್ಗುಲಿನಿಂದ ಹಳ್ಳದ ತಳಕ್ಕಿಳಿದು ಹೊರಟಲ್ಲಿಗೇ ಬಂದು ಸೇರಿದರೆ, ಮಣ್ಣು, ನೀರು, ಬೆಳಕು ಈ ಮೂರರಲ್ಲಿ ಯಾವುದು ಎಲ್ಲಿ ಬದಲಾಯಿತು, ಅದರೊಡನೆ ಯಾವ ಮರ ಹಿಂದೆ ಸರಿಯಿತು, ಯಾವುದು ಮುಂದೆ ಬಂದಿತು ಎಂಬುದು ಒಂದೇ ಹಗಲಿನಲ್ಲಿ ಮನದಟ್ಟಾಗುತ್ತದೆ. ಪಠ್ಯಪುಸ್ತಕದ ಬೇರೆಬೇರೆ ಅಧ್ಯಾಯಗಳಲ್ಲಿ ಹಂಚಿಹೋಗಿರುವ ಸಂಗತಿಗಳು ಇಲ್ಲಿ ಒಂದರ ಪಕ್ಕದಲ್ಲಿ ಒಂದು ನಿಂತಿರುತ್ತವೆ.

ಅಂತಹದೊಂದು ಸುತ್ತಿಗೆ ನಾವು ಆರಿಸಿಕೊಂಡ ಸ್ಥಳ ಉತ್ತರ ಕನ್ನಡ ಜಿಲ್ಲೆ ಸಿದ್ಧಾಪುರ ತಾಲ್ಲೂಕಿನ ಕತ್ತಲೆಕಾನು. ಜೋಗದ ಹತ್ತಿರದ ಮಾವಿನಗುಂಡಿಯಿಂದ ಘಟ್ಟವಿಳಿದು ಹೊನ್ನಾವರಕ್ಕೆ ಸಾಗುವ ಹೆದ್ದಾರಿಯ ಮಗ್ಗುಲಲ್ಲೇ ಅದಿದೆ. ದಿನವೂ ನೂರಾರು ವಾಹನಗಳು ಅದನ್ನು ಹಾದುಹೋಗುತ್ತವೆ. ಜಲಪಾತವನ್ನು ನೋಡಿ ಮರಳುವ ಪ್ರವಾಸಿಗರು ಕಿಟಕಿಯಿಂದ ಹಸುರು ಗೋಡೆಯೊಂದನ್ನು ಕಂಡು ಸುಮ್ಮನಾಗುತ್ತಾರೆ. ಮಲೆನಾಡಿನಲ್ಲಿ ಎಲ್ಲ ಕಾಡನ್ನೂ ಕಾನು ಎನ್ನುವುದಿಲ್ಲ. ನಿತ್ಯಹಸುರಿನ ಮರಗಳೂ ನೀರಿನ ಸೆಲೆಯೂ ಉಳ್ಳ, ಊರವರು ದೇವರದೆಂದು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ದಟ್ಟಡವಿಗೆ ಆ ಹೆಸರು. ಕಾಳುಮೆಣಸಿನ ಬಳ್ಳಿ ಇಂತಹ ಕಾನುಗಳ ಮರಗಳನ್ನೇ ತಬ್ಬಿ ಬೆಳೆಯುತ್ತಿದ್ದಿತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು 16ನೆಯ ಶತಮಾನದ ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದದ್ದಕ್ಕೆ ಈ ಸೀಮೆಯ ಕಾಡುಗಳೇ ಆಧಾರ.

ಅರಣ್ಯ ಇಲಾಖೆಯ ಅನುಮತಿ ಪಡೆದು, ದಾರಿ ಬಲ್ಲ ಕಾವಲುಗಾರರೊಬ್ಬರನ್ನು ಮುಂದಿಟ್ಟುಕೊಂಡು, ಫೆಬ್ರುವರಿಯ ಒಂದು ಬೆಳಿಗ್ಗೆ ಏಳು ಗಂಟೆಗೆ ನಾವು ಹೊರಟೆವು. ತಿಂಗಳಿನ ಆಯ್ಕೆಗೆ ಕಾರಣವಿದೆ. ಇಲ್ಲಿಯ ಮಳೆಯ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ ಬಿದ್ದು ಮುಗಿಯುತ್ತದೆ. ಮಳೆ ನಿಂತು ನಾಲ್ಕು ತಿಂಗಳಾದ ಮೇಲೂ ಎಲ್ಲಿ ನೀರು ನಿಂತಿದೆಯೋ ಅಲ್ಲಿ ಹುಡುಕತಕ್ಕದ್ದು ಏನೋ ಇದ್ದೇ ಇದೆ. ಬೇಸಗೆಯಲ್ಲಿ ಇಂಬಳಗಳ ಕಾಟವೂ ಕಡಮೆ ಎಂಬುದನ್ನು ಮರೆಮಾಚಬೇಕಾಗಿಲ್ಲ.

ಏರುದಾರಿಯಲ್ಲಿ ವಿದ್ಯಾರ್ಥಿಯೊಬ್ಬ, "ಇದು ಹಳೆಯ ಕಾಡೆಂದು ಹೇಗೆ ಹೇಳುವುದು?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ತೇಗದ ಕಾಂಡವನ್ನು ಅಡ್ಡಡ್ಡ ಕೊಯ್ದರೆ ವರ್ಷಕ್ಕೊಂದರಂತೆ ಬಳೆಗಳು ಕಾಣುತ್ತವೆ. ಅವನ್ನು ಎಣಿಸಿ ವಯಸ್ಸನ್ನು ಹೇಳಬಹುದು. ಆದರೆ ನಿತ್ಯಹಸುರಿನ ಕಾಡಿನ ಬಹುತೇಕ ಮರಗಳು ವರ್ಷದಲ್ಲಿ ಪೂರ್ತಿಯಾಗಿ ವಿಶ್ರಮಿಸುವುದಿಲ್ಲವಾದ್ದರಿಂದ ಸ್ಪಷ್ಟವಾದ ಬಳೆಗಳನ್ನು ಬಿಡುವುದಿಲ್ಲ. ದಪ್ಪವನ್ನು ನಂಬುವಂತೆಯೂ ಇಲ್ಲ; ನೆರಳಿನಲ್ಲಿ ಕಾದು ನಿಂತ ತೋಳುಗಾತ್ರದ ಮರ ಬಯಲಿನ ಹೆಮ್ಮರಕ್ಕಿಂತ ಹಿರಿಯದಾಗಿರಬಹುದು. ಆದಕಾರಣ ಮೇಲಕ್ಕೆ ನೋಡುವುದನ್ನು ಬಿಟ್ಟು ಕೆಳಕ್ಕೆ ನೋಡಬೇಕು. ಹೆಮ್ಮರಗಳ ಬುಡದಲ್ಲಿ ಅದೇ ಜಾತಿಯ ಸಸಿಗಳು, ಮೊಣಕಾಲೆತ್ತರದವು, ಆಳೆತ್ತರದವು, ಎಲ್ಲ ವಯಸ್ಸಿನವೂ ಇದ್ದರೆ, ಆ ಕಾಡು ತನ್ನನ್ನು ತಾನೇ ಮತ್ತೆ ಮತ್ತೆ ಹೆತ್ತುಕೊಂಡು ಬಂದಿದೆಯೆಂದು ತಿಳಿಯಬಹುದು. ಎಣ್ಣೆಮರವೆಂದು ಕರೆಯುವ ಡಿಪ್ಟೆರೊಕಾರ್ಪಸ್ ಇಂಡಿಕಸ್ ಮರದ ಕೆಳಗೆ ನಾವು ಇಂತಹ ಸಸಿಗಳನ್ನು ಕಂಡೆವು. ಅದರ ಕಾಯಿಗೆ ಎರಡು ಉದ್ದನೆಯ ರೆಕ್ಕೆಗಳು. ಬೀಳುವಾಗ ಗಿರಗಿರನೆ ತಿರುಗುತ್ತ ಇಳಿಯುತ್ತದೆ.

ಸ್ವಲ್ಪ ಮುಂದೆ ಮುದಿಮರವೊಂದು ನೆರೆಯ ನಾಲ್ಕೈದನ್ನು ಎಳೆದುಕೊಂಡು ಉರುಳಿ, ಛಾವಣಿಯಲ್ಲಿ ಒಂದು ಕಂಡಿಯನ್ನು ಮಾಡಿತ್ತು. ಬಿಸಿಲು ನೆಲಕ್ಕೆ ಬಿದ್ದ ಅಷ್ಟೇ ಜಾಗದಲ್ಲಿ ಗುರಾಣಿಯಾಕಾರದ ಎಲೆಗಳ ಮೆಕರಾಂಗ ಗಿಡಗಳು ಗುಂಪಾಗಿ ಎದ್ದಿದ್ದವು. ಬೆಳಕಿದ್ದರೆ ನಾಗಾಲೋಟ, ನೆರಳಾದರೆ ಸಾವು, ಇದು ಅವುಗಳ ಬಾಳು. ಅವುಗಳ ನೆರಳಿನಲ್ಲಿಯೇ ನಿಧಾನದ ಮರಗಳ ಸಸಿಗಳು ಬೆಳೆದು, ಕಡೆಗೆ ಕಂಡಿಯನ್ನು ಮುಚ್ಚುತ್ತವೆ.

ಹತ್ತು ಗಂಟೆಯ ವೇಳೆಗೆ ನೆತ್ತಿಯನ್ನು ಮುಟ್ಟಿದೆವು. ಅಲ್ಲಿ ಜಂಬುಕಲ್ಲಿನ ತೆಳುಮಣ್ಣು, ಒಣಗಿದ ಹುಲ್ಲಿನ ಬೇಣ, ಚದರಿದ ಕುಳ್ಳುಮರಗಳು. ಹೆಚ್ಚು ನಿಲ್ಲುವ ಕಾರಣವಿರಲಿಲ್ಲ. ನೀರು ಕುಡಿದು, ಉಷ್ಣಮಾಪಕವನ್ನು ಓದಿಕೊಂಡು, ಉತ್ತರದ ಇಳಿಜಾರನ್ನು ಹಿಡಿದೆವು. ಕಾಲ ಕೆಳಗಿನ ತರಗೆಲೆಗಳ ಸದ್ದೇ ನಮ್ಮ ಎರಡನೆಯ ಉಪಕರಣವಾಯಿತು. ಮೊದಲು ಚರಚರನೆಂದಿತು, ಬರಬರುತ್ತ ಮೆತ್ತಗಾಯಿತು, ಹಳ್ಳದ ತಳ ಹತ್ತಿರವಾದಂತೆ ನಿಂತೇಹೋಯಿತು. ಉಷ್ಣಮಾಪಕದ ಪಾದರಸ ಇಳಿದಿದ್ದಿತು. ಮುಂದಿನ ಹೆಜ್ಜೆ ಕೆಸರಿನಲ್ಲಿ.

ಇದೇ ಕತ್ತಲೆಕಾನಿನ ಮುಖ್ಯ ವಿಶೇಷ. ಸಮತಟ್ಟಾದ ಕಣಿವೆಯ ತಳದಲ್ಲಿ, ವರ್ಷವಿಡೀ ಬತ್ತದ ತೊರೆಯೊಂದು ಹರಡಿಕೊಂಡು ಜೌಗಾಗಿದೆ. ಅದರಲ್ಲಿ ನಿಂತ ಮರಗಳನ್ನು ನೋಡಿದಾಗ, ಬೇರು ಮಣ್ಣಿನೊಳಗಿರುತ್ತದೆ ಎಂದು ಕಲಿತವರಿಗೆ ತಬ್ಬಿಬ್ಬಾಗುತ್ತದೆ. ಒಂದು ಜಾತಿಯ ಮರ ತನ್ನ ಕಾಂಡದಿಂದಲೇ ಸುತ್ತಲೂ ಬೇರುಗಳನ್ನು ಇಳಿಬಿಟ್ಟು, ಊರುಗೋಲುಗಳ ಮೇಲೆ ನಿಂತ ಮುದುಕನಂತಿದೆ. ಇದು ಮಿರಿಸ್ಟಿಕಾ ಮ್ಯಾಗ್ನಿಫಿಕಾ. ಇನ್ನೊಂದರ ಬೇರುಗಳು ಕೆಸರಿನಿಂದ ಮೇಲೆದ್ದು, ಬಾಗಿ, ಮತ್ತೆ ಕೆಸರನ್ನು ಹೊಕ್ಕಿವೆ. ನೆಲದ ತುಂಬ ಮಡಿಸಿದ ಮಂಡಿಗಳು! ಇದು ಜಿಮ್ನಕ್ರಾಂಥೆರಾ ಕೆನರಿಕಾ. ನಮ್ಮ ಕೆನರಾ ಜಿಲ್ಲೆಯ ಹೆಸರನ್ನೇ ಹೊತ್ತಿದೆ. ಎರಡೂ ಜಾಯಿಕಾಯಿಯ ಕುಟುಂಬದವು. ಅಡುಗೆಮನೆಯ ಜಾಯಿಕಾಯಿ ಮತ್ತು ಜಾಪತ್ರೆ ಇಂಡೊನೇಷಿಯದ ಬಾಂದಾ ದ್ವೀಪಗಳ ಮೂಲದವು; ಇವು ಅವುಗಳ ಕಾಡುದಾಯಾದಿಗಳು. ಹೂಬಿಡುವ ಸಸ್ಯಗಳಲ್ಲಿ ಬಹು ಹಳೆಯ ಕವಲೊಂದಕ್ಕೆ ಈ ಕುಟುಂಬ ಸೇರಿದೆ. ಸಂಪಿಗೆ, ಸೀತಾಫಲಗಳು ಅದೇ ಕವಲಿನ ನೆಂಟರು. ತೊಗಟೆ ಎಲ್ಲಾದರೂ ಕಿತ್ತುಬಂದಿದ್ದರೆ ರಕ್ತದಂತೆ ಕೆಂಪಾದ ರಸ ಒಸರಿರುವುದನ್ನು ಕಾಣಬಹುದು. ಅದನ್ನು ನೋಡಲೆಂದು ಚಾಕು ಹಾಕಕೂಡದು.

ಈ ವಿಚಿತ್ರ ಬೇರುಗಳೇಕೆ? ಎಲೆಯಂತೆ ಬೇರೂ ಉಸಿರಾಡುತ್ತದೆ. ಅದು ಹಗಲಿರುಳೂ ಆಮ್ಲಜನಕವನ್ನು ಹೀರಿ, ಸಕ್ಕರೆಯನ್ನು ಒಡೆದು, ಆ ಶಕ್ತಿಯಿಂದ ಲವಣಗಳನ್ನು ಒಳಗೆಳೆದುಕೊಳ್ಳುತ್ತದೆ. ಆಮ್ಲಜನಕವಿಲ್ಲದಿದ್ದರೆ ಅಷ್ಟೇ ಸಕ್ಕರೆಯಿಂದ ದೊರೆಯುವ ಶಕ್ತಿ ಸುಮಾರು ಹದಿನೈದರಲ್ಲೊಂದು ಪಾಲು ಮಾತ್ರ. ಸಾಮಾನ್ಯ ಮಣ್ಣಿನ ಕಣಗಳ ನಡುವೆ ಗಾಳಿಯಿರುತ್ತದೆ. ಜೌಗಿನಲ್ಲಿ ಆ ಸಂದುಗಳನ್ನೆಲ್ಲ ನೀರು ತುಂಬಿದೆ. 25 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಲೀಟರು ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, ಗಾಳಿಯೊಡನೆ ಚೆನ್ನಾಗಿ ಬೆರೆತ ಒಂದು ಲೀಟರು ನೀರಿನಲ್ಲಿ ಇರುವುದು ಎಂಟು ಮಿಲಿಗ್ರಾಮಿನಷ್ಟು. ಸಾಲದೆಂಬಂತೆ ನೀರಿನೊಳಗೆ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದರ ಹತ್ತು ಸಾವಿರದಲ್ಲೊಂದು ಪಾಲು. ಕೆಸರಿನ ಸೂಕ್ಷ್ಮಜೀವಿಗಳು ಇದ್ದುದನ್ನು ಕಬಳಿಸಿದ ಮೇಲೆ, ಮೇಲಿನಿಂದ ಹೊಸದು ಇಳಿದು ಬರುವಷ್ಟರಲ್ಲಿ ಬೇರು ಉಸಿರುಕಟ್ಟಿ ಸಾಯುತ್ತದೆ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಮೊಳಕೆಯೊಡೆದ ಹೆಸರುಕಾಳುಗಳನ್ನು ಎರಡು ಪಾಲು ಮಾಡಿ, ಒಂದನ್ನು ಒದ್ದೆಬಟ್ಟೆಯಲ್ಲಿ ಕಟ್ಟಿಡಿ. ಇನ್ನೊಂದನ್ನು ಚೆನ್ನಾಗಿ ಕುದಿಸಿ ಆರಿಸಿದ ನೀರಿನ ಲೋಟದಲ್ಲಿ ಮುಳುಗಿಸಿ, ಮೇಲೆ ಅಡುಗೆಯೆಣ್ಣೆಯ ಒಂದು ಪದರವನ್ನು ತೇಲಿಬಿಡಿ. ಕುದಿಸಿದ್ದರಿಂದ ನೀರಿನಲ್ಲಿ ಕರಗಿದ್ದ ಗಾಳಿ ಹೊರಟುಹೋಗಿರುತ್ತದೆ. ಹೊಸ ಗಾಳಿಯನ್ನು ಎಣ್ಣೆ ತಡೆಯುತ್ತದೆ. ಮೂರು ದಿನಗಳ ಅನಂತರ ಎರಡೂ ಪಾಲಿನ ಬೇರುಗಳನ್ನು ಅಳೆದು ನೋಡಿ.

ಜೌಗಿನ ಮರಗಳು ಈ ಸಂಕಟವನ್ನು ದಾಟುವ ಬಗೆ ಸರಳವಾದದ್ದು. ಬೇರಿನ ಒಂದು ಭಾಗವನ್ನು ನೀರಿನಿಂದ ಮೇಲಕ್ಕೆತ್ತಿಡುವುದು. ಅದರ ತೊಗಟೆಯ ಸಣ್ಣ ವಾಯುರಂಧ್ರಗಳಿಂದ ಗಾಳಿಯನ್ನು ತೆಗೆದುಕೊಂಡು ಒಳಗಿನ ಸಂದುಗಳ ಮೂಲಕ ಕೆಸರಿನಡಿಗೆ ಸಾಗಿಸುವುದು. ಘಟ್ಟದ ಕೆಳಗೆ, ಅಘನಾಶಿನಿ ಸಮುದ್ರವನ್ನು ಸೇರುವಲ್ಲಿ, ಉಪ್ಪುನೀರಿನ ಕಾಂಡ್ಲಾ ಮರಗಳೂ ಹೀಗೆಯೇ ಊರುಗೋಲು ಬೇರುಗಳ ಮೇಲೆ ನಿಂತಿವೆ. ಜಾಯಿಕಾಯಿಗೂ ಕಾಂಡ್ಲಾಕ್ಕೂ ಹತ್ತಿರದ ನಂಟಿಲ್ಲ. ಒಂದೇ ಕಷ್ಟ ಎರಡು ಬೇರೆ ಮನೆತನಗಳಿಗೆ ಒಂದೇ ಉಪಾಯವನ್ನು ಕಲಿಸಿದೆ. ಜೀವವಿಕಾಸದ ಪಾಠದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಒಂದೇ ಜಿಲ್ಲೆಯೊಳಗೆ ತೋರಿಸುವುದು ಕಷ್ಟ. ನಮ್ಮ ಗದ್ದೆಯ ಭತ್ತವೂ ನೀರಿನಲ್ಲಿ ನಿಂತು ಬದುಕುವುದು ಕಾಂಡದೊಳಗಿನ ಗಾಳಿಗೂಡುಗಳಿಂದಲೇ.

ಬುತ್ತಿ ಬಿಚ್ಚಿ ಕುಳಿತಾಗ ತಲೆಯ ಮೇಲೆ ಬೀಸಣಿಗೆಯ ಸದ್ದಾಯಿತು. ಮಂಗಟ್ಟೆ ಹಕ್ಕಿಗಳ ಜೋಡಿಯೊಂದು ಹಾದುಹೋಯಿತು. ಕಾಡುಜಾಯಿಕಾಯಿಯ ಸಂತಾನ ಈ ಹಕ್ಕಿಗಳ ಗಂಟಲಿನಲ್ಲಿದೆಯೆಂದರೆ ಅತಿಶಯೋಕ್ತಿಯಲ್ಲ. ಕಾಯಿ ಬಿರಿದಾಗ ಬೀಜವನ್ನು ಸುತ್ತಿದ ಬಣ್ಣದ ಪತ್ರೆ ಹೊರಗೆ ತೋರುತ್ತದೆ. ಹಕ್ಕಿ ಅದನ್ನು ಇಡಿಯಾಗಿ ನುಂಗಿ, ಪತ್ರೆಯನ್ನು ಅರಗಿಸಿಕೊಂಡು, ಗಟ್ಟಿಬೀಜವನ್ನು ದೂರದಲ್ಲಿ ಕಕ್ಕುತ್ತದೆ. ಆದರೆ ಆ ಬೀಜ ಕಡಲೆ, ಹೆಸರುಗಳಂತೆ ಒಣಗಿ ಕಾಯಬಲ್ಲದ್ದಲ್ಲ. ತೇವ ಆರಿದರೆ ಸಾಯುತ್ತದೆ. ಬಿದ್ದ ಕಡೆ ನೆರಳಿರಬೇಕು, ಹಸಿನೆಲವಿರಬೇಕು. ಡಬ್ಬಿಯಲ್ಲಿ ಶೇಖರಿಸಿಟ್ಟು ಮುಂದೆಂದೋ ಬಿತ್ತೋಣವೆನ್ನುವ ಹಾಗಿಲ್ಲ.

ಇಂತಹ ಜೌಗುಗಳನ್ನು ವಿಜ್ಞಾನ ಗಮನಿಸಿದ್ದು ತಡವಾಗಿ. ತಿರುವಾಂಕೂರಿನ ಕಾಡುಗಳ ಮಿರಿಸ್ಟಿಕಾ ಜೌಗುಗಳನ್ನು ಕೃಷ್ಣಮೂರ್ತಿ ಎಂಬವರು 1960ರಲ್ಲಿ ವರ್ಣಿಸಿದರು. 1968ರಲ್ಲಿ ಚಾಂಪಿಯನ್ ಮತ್ತು ಸೇಠ್ ಭಾರತದ ಅರಣ್ಯಗಳನ್ನು ವರ್ಗೀಕರಿಸಿದಾಗ ಇವಕ್ಕೊಂದು ಪ್ರತ್ಯೇಕ ಸ್ಥಾನ ದೊರೆಯಿತು. ಆ ಬಳಿಕ ಗೋವೆಯ ಸತ್ತರಿ ತಾಲ್ಲೂಕಿನ ದೇವರಕಾಡೊಂದರಲ್ಲಿಯೂ ಉತ್ತರ ಕನ್ನಡದಲ್ಲಿಯೂ ಇವು ಬೆಳಕಿಗೆ ಬಂದವು. ಕತ್ತಲೆಕಾನಿನ ಜೌಗಿನಲ್ಲಿ ಗೇರಿನ ಕುಟುಂಬದ ಮರವೊಂದು ಯಾರೂ ಹೆಸರಿಡದೆ ನಿಂತಿದ್ದಿತು. 2000ದಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ಅದನ್ನು ಹೊಸ ಪ್ರಭೇದವೆಂದು ಗುರುತಿಸಿ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಹೆಸರನ್ನು ಕೊಟ್ಟರು. ಹೆದ್ದಾರಿಯ ಪಕ್ಕದ ಹೆಮ್ಮರವೊಂದು ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಹೆಸರಿಲ್ಲದೆ ಉಳಿದಿತ್ತೆಂದರೆ ಸೋಜಿಗವಲ್ಲವೇ! ಬಲು ಕೆಲವೇ ಮರಗಳು ಉಳಿದಿರುವುದರಿಂದ ಶಿರಸಿಯ ಅರಣ್ಯ ಕಾಲೇಜಿನವರು ಅದರ ಸಸಿಗಳನ್ನು ಬೆಳೆಸುವ ಕೆಲಸವನ್ನು ಕೈಗೊಂಡರು. 2011ರಲ್ಲಿ ಈ ಪ್ರದೇಶ ಸಿಂಗಳೀಕಗಳಿಗಾಗಿ ಘೋಷಿಸಿದ ಅಘನಾಶಿನಿ ಸಂರಕ್ಷಣಾ ಮೀಸಲಿಗೆ ಒಳಪಟ್ಟಿತು. 2019ರಲ್ಲಿ ಆ ಮೀಸಲನ್ನು ಶರಾವತಿ ಕಣಿವೆಯ ಅಭಯಾರಣ್ಯದೊಡನೆ ಕೂಡಿಸಲಾಯಿತು.

ಜೌಗುಗಳು ಇಷ್ಟು ವಿರಳವಾದದ್ದೇಕೆಂಬುದಕ್ಕೆ ಉತ್ತರ ಸುತ್ತಿನ ಕೊನೆಯ ಭಾಗದಲ್ಲಿ ಸಿಕ್ಕಿತು. ತೊರೆಯ ಗುಂಟ ಕೆಳಗಿಳಿದಂತೆ ಕಾನು ಮುಗಿದು ಸೊಪ್ಪಿನ ಬೆಟ್ಟ ಬಂದಿತು. ಗೊಬ್ಬರಕ್ಕಾಗಿ ರೆಂಬೆ ಸವರಿದ ಮರಗಳು ಬೋಳಾಗಿ ನಿಂತಿದ್ದವು. ಅದರ ಬುಡದಲ್ಲಿ ಅಡಿಕೆಯ ತೋಟ. ಅಡಿಕೆಗೆ ಬೇಕಾದದ್ದೇನು? ಗಾಳಿಬಿಸಿಲಿನ ಹೊಡೆತವಿಲ್ಲದ ಕಣಿವೆ, ಸಮತಟ್ಟಾದ ತಳ, ಬೇಸಗೆಯಲ್ಲಿಯೂ ಬತ್ತದ ನೀರು. ಜೌಗಿನ ಮರಗಳು ಬೇಡುವುದೂ ಅಕ್ಷರಶಃ ಅದನ್ನೇ. ವ್ಯತ್ಯಾಸ ಒಂದೇ: ಅಡಿಕೆಯ ಬೇರು ನಿಂತ ನೀರನ್ನು ತಾಳದು. ಆದ್ದರಿಂದ ರೈತ ಸಾಲುಗಳ ನಡುವೆ ಬಸಿಗಾಲುವೆ ತೋಡಿ ನೀರನ್ನು ಕೆಳಗಿಳಿಸುತ್ತಾನೆ. ಕಾಡುಮರ ಬೇರನ್ನು ಮೇಲೆತ್ತುತ್ತದೆ. ತೋಟಗಳೂ ಗದ್ದೆಗಳೂ ಜೌಗುಗಳನ್ನು ಒಂದೊಂದಾಗಿ ನುಂಗಿದ್ದು ದುರುದ್ದೇಶದಿಂದಲ್ಲ. ಘಟ್ಟದ ಇಳಿಜಾರಿನಲ್ಲಿ ಉಳಲು ತಕ್ಕ ಸಮನೆಲ ಅದೊಂದೇ ಆಗಿತ್ತು. ಆದರೆ ತೋಟದ ತೊರೆ ಬತ್ತದಿರುವುದೂ ಮೇಲಿನ ಕಾನಿನಿಂದಲೇ. ತರಗೆಲೆಯ ಹಾಸು ಮಳೆಯನ್ನು ಹರಿದೋಡಗೊಡದೆ ಮಣ್ಣಿಗಿಳಿಸಿ, ಬೇಸಗೆಯಲ್ಲಿ ಸಣ್ಣಗೆ ಬಿಟ್ಟುಕೊಡುತ್ತದೆ. ಮೇಲಿನದು ಹೋದರೆ ಕೆಳಗಿನ ತೋಟಕ್ಕೂ ನೀರಿಲ್ಲ. ಕಾನನ್ನು ದೇವರದೆಂದ ಹಿರಿಯರಿಗೆ ಈ ಲೆಕ್ಕ ತಿಳಿದಿತ್ತೆಂದೇ ನಮ್ಮ ಎಣಿಕೆ.

ತೋಟದ ಅಂಚಿನ ಕಾಲುವೆಯ ಬದಿಯಲ್ಲಿ, ಅಡಿಕೆಯ ಸಾಲುಗಳ ನಡುವೆ, ಊರುಗೋಲು ಬೇರುಗಳ ಮಿರಿಸ್ಟಿಕಾ ಮರ ಒಂದೇ ಒಂದು ನಿಂತಿದ್ದಿತು. ತೋಟದ ಯಜಮಾನರು ನಮಗೆ ನೀರು, ಬೆಲ್ಲ ಕೊಟ್ಟು ಉಪಚರಿಸಿದರು. ಮರದ ವಿಷಯ ವಿಚಾರಿಸಿದಾಗ, "ನಮ್ಮ ಅಜ್ಜನ ಕಾಲದ್ದು, ಕಡಿಯೂದಕ್ಕೆ ಮನಸ್ಸು ಬರಲಿಲ್ಲ. ಹೂ ಬಿಡ್ತದೆ ಮಾಸ್ತರೇ, ಕಾಯಿ ಮಾತ್ರ ಒಂದು ದಿವಸವೂ ಕಂಡದ್ದಿಲ್ಲ" ಎಂದರು. ವಿದ್ಯಾರ್ಥಿಗಳು ಪರಸ್ಪರ ಮುಖ ನೋಡಿಕೊಂಡರು. ಈ ಕುಲದಲ್ಲಿ ಗಂಡುಹೂ ಒಂದು ಮರದಲ್ಲಿ, ಹೆಣ್ಣುಹೂ ಇನ್ನೊಂದು ಮರದಲ್ಲಿ. ಇದು ಗಂಡುಮರವಾಗಿದ್ದರೆ ಕಾಯಿ ಬಿಡುವುದು ಎಂದೂ ಸಾಧ್ಯವಿಲ್ಲ. ಹೆಣ್ಣಾಗಿದ್ದರೆ ಪರಾಗ ತಲಪುವಷ್ಟು ಹತ್ತಿರದಲ್ಲಿ ಗಂಡುಮರ ಉಳಿದಿಲ್ಲವೆಂದು ಅರ್ಥ. ಹೂವೊಂದು ಸಿಕ್ಕಿದರೆ ಉದ್ದಕ್ಕೆ ಸೀಳಿ ಮಸೂರದಲ್ಲಿ ನೋಡಬೇಕು: ನಡುವೆ ಕೇಸರಗಳೆಲ್ಲ ಒಂದಾಗಿ ಬೆಸೆದ ಕಂಬವಿದ್ದರೆ ಗಂಡು, ಅಂಡಾಶಯವಿದ್ದರೆ ಹೆಣ್ಣು. ಅಂದು ಮರದಲ್ಲಿ ಹೂವಿರಲಿಲ್ಲ. ಹೂ ಬಿಟ್ಟಾಗ ಕೆಲವನ್ನು ಕಾಗದದ ಪೊಟ್ಟಣದಲ್ಲಿ ಕಳುಹಿಸುವುದಾಗಿ ಯಜಮಾನರು ಒಪ್ಪಿಕೊಂಡರು.