ಷ್ಟೊಲೆನ್: ಬೆಣ್ಣೆಯ ಪತ್ರದ ಕಥೆ

ಜರ್ಮನಿಯ ಡ್ರೆಸ್ಡೆನ್ ನಗರಕ್ಕೆ ಹೆಸರು ತಂದ ಷ್ಟೊಲೆನ್ ಎಂಬ ಕ್ರಿಸ್ಮಸ್ ಕೇಕು ಮೊದಲು ಉಪವಾಸಕಾಲದ ರೊಟ್ಟಿಯಾಗಿತ್ತು. ಹಬ್ಬಕ್ಕೆ ಮುಂಚಿನ ಆಗಮನ ಕಾಲದಲ್ಲಿ ಬೆಣ್ಣೆಯೂ ಹಾಲೂ ನಿಷಿದ್ಧವಾಗಿದ್ದುದರಿಂದ, ಹುದುಗಿಸಿದ ಹಿಟ್ಟಿಗೆ ನೀರನ್ನೂ ಎಣ್ಣೆಯನ್ನೂ ಮಾತ್ರ ಬೆರೆಸಿ ಅದನ್ನು ಸುಡುತ್ತಿದ್ದರು. ಸ್ಯಾಕ್ಸನಿಯ ಅರಸರ ಬಿನ್ನಹದಂತೆ, 1491ರಲ್ಲಿ ಎಂಟನೆಯ ಇನ್ನೊಸೆಂಟ್ ಪೋಪರು ಬೆಣ್ಣೆಗೆ ಅಪ್ಪಣೆಯಿತ್ತರು. ಇದಕ್ಕೆ ‘ಬೆಣ್ಣೆಯ ಪತ್ರ’ವೆಂದು ಹೆಸರು. ಆದರೆ ಅಪ್ಪಣೆಯು ಉಚಿತವಾಗಿ ದೊರೆಯಲಿಲ್ಲ. ಬೆಣ್ಣೆ ಬಳಸುವವರು ಫ್ರೈಬರ್ಗಿನ ದೇವಾಲಯದ ಕಟ್ಟಡಕ್ಕೆ ಹಣ ತೆರಬೇಕಾಯಿತು. ಹೀಗೆ ಬೆಣ್ಣೆ ತಿನ್ನುವ ಸ್ವಾತಂತ್ರ್ಯವನ್ನು ಹಣಕ್ಕೆ ಮಾರುವ ಪದ್ಧತಿಯನ್ನು ಮಾರ್ಟಿನ್ ಲೂಥರರು 1520ರಲ್ಲಿ ಜರ್ಮನಿಯ ಕ್ರೈಸ್ತ ಪ್ರಭುಗಳನ್ನುದ್ದೇಶಿಸಿ ಬರೆದ ಪುಸ್ತಕದಲ್ಲಿ ಖಂಡಿಸಿದರು.

ಈಗ ಷ್ಟೊಲೆನಿನಲ್ಲಿ ಬೆಣ್ಣೆ, ಒಣದ್ರಾಕ್ಷಿ, ಬಾದಾಮಿಗಳು ತುಂಬಿರುತ್ತವೆ. ಬಿಳಿಯ ಸಕ್ಕರೆಪುಡಿ ಹೊದ್ದ ಅದರ ಆಕಾರವು ಬಟ್ಟೆಯಲ್ಲಿ ಸುತ್ತಿದ ಶಿಶು ಯೇಸುವನ್ನು ಸೂಚಿಸುವುದೆಂದು ಜನರು ಹೇಳುತ್ತಾರೆ. ಪತ್ರದ ಸಂಗತಿಗೆ ಚರಿತ್ರೆಯೇ ಆಧಾರ. ಆಕಾರದ ಕಥೆಗೆ ಭಕ್ತಿಯೇ ಆಧಾರ. ತಾಯಂದಿರೇ, ನಮ್ಮ ಹಳೆಯ ವಿದ್ಯಾರ್ಥಿನಿಯರೇ, ಎರಡನ್ನೂ ಮಕ್ಕಳಿಗೆ ಹೇಳಿರಿ. ಒಂದನ್ನು ಇನ್ನೊಂದೆಂದು ಹೇಳಬೇಡಿರಿ. ಗೋದಲಿಯಲ್ಲಿ ಮಲಗಿದ ಕರ್ತನ ಹಬ್ಬದ ಸವಿಯು ಹಣವುಳ್ಳವರಿಗೆ ಮಾತ್ರ ಸಲ್ಲತಕ್ಕದ್ದಲ್ಲ. ನಿಮ್ಮ ಹಬ್ಬದ ತಟ್ಟೆಯು ಮೊದಲು ಬಡ ನೆರೆಯವರ ಬಾಗಿಲಿಗೆ ಹೋಗಲಿ.