‘ಗೂಗಲ್‌ನಲ್ಲಿ ನಮ್ದು ಬರ್ತಾನೇ ಇಲ್ಲ ಸರ್’

ಮಲೆನಾಡಿನ ಸಣ್ಣ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕಸುಬು. ಹೋಂಸ್ಟೇ, ಹಾಳೆ ತಟ್ಟೆ, ಜೇನುತುಪ್ಪ, ಅಪ್ಪೆಮಿಡಿ ಉಪ್ಪಿನಕಾಯಿ ಹೀಗೆ. ಸೈಟ್ ಶುರುವಾಗಿ ಮೂರು ದಿನವಾಗುವಷ್ಟರಲ್ಲಿ ಫೋನ್ ಬರುತ್ತದೆ, ಮೇಲಿನ ಶೀರ್ಷಿಕೆಯೇ ಆ ಫೋನಿನ ಮೊದಲ ಮಾತು. ಇದಕ್ಕೆ ಉತ್ತರ ಹೇಳುತ್ತ ಹೇಳುತ್ತ ನಾನು ಕಲಿತದ್ದು ಇಲ್ಲಿದೆ. ಕೋಡ್ ಬರೆಯಲು ಬಾರದವರಿಗೂ ಇಷ್ಟು ಸಾಕಾಗುತ್ತದೆ.

1. ಗೂಗಲ್‌ಗೆ ನಿಮ್ಮ ಸೈಟ್ ಇರುವುದೇ ಗೊತ್ತಿದೆಯೇ ಎಂದು ಮೊದಲು ನೋಡಿ. ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು, ಎರಡು ಚುಕ್ಕೆ (:) ಇಟ್ಟು, ಜಾಗ ಬಿಡದೆ ನಿಮ್ಮ ವೆಬ್ ವಿಳಾಸ ಹಾಕಿ. ನಿಮ್ಮ ಪುಟಗಳು ಸಾಲಾಗಿ ಬಂದರೆ ಸರಿ. ಒಂದೂ ಬಾರದಿದ್ದರೆ ಉಳಿದ ಪಾಠಗಳನ್ನು ಆಮೇಲೆ ಓದಿದರಾಯಿತು. ಸೈಟನ್ನು ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ್ದರೆ ಮೊದಲು ಅದರ ಸೆಟ್ಟಿಂಗ್ಸ್‌ನಲ್ಲಿ ‘ರೀಡಿಂಗ್’ ಎಂಬ ಪುಟ ನೋಡಿ. ಸರ್ಚ್ ಇಂಜಿನ್‌ಗಳು ಬರುವುದು ಬೇಡ ಎನ್ನುವ ಒಂದು ಚೌಕ ಅಲ್ಲಿರುತ್ತದೆ. ಸೈಟ್ ಕಟ್ಟುವಾಗ ಅದಕ್ಕೆ ಟಿಕ್ ಹಾಕಿಟ್ಟು, ಮುಗಿದ ಮೇಲೆ ತೆಗೆಯುವುದು ರೂಢಿ. ಜೋಗದ ಹತ್ತಿರದ ಒಂದು ಹೋಂಸ್ಟೇಗೆ ನಾನು ತೆಗೆಯುವುದನ್ನು ಮರೆತೆ. ಜಲಪಾತ ತುಂಬಿ ಬೀಳುವ ಜುಲೈ, ಆಗಸ್ಟ್ ಎರಡೂ ತಿಂಗಳು ಅವರ ಸೈಟ್ ಗೂಗಲ್‌ನಲ್ಲಿ ಇರಲೇ ಇಲ್ಲ. ಆ ವರ್ಷ ಅವರಿಂದ ದುಡ್ಡು ತೆಗೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

2. ಗಿರಾಕಿಯ ಬಾಯಲ್ಲಿರುವ ಮಾತನ್ನೇ ಬರೆಯಿರಿ. ಸಾಗರದ ಕಡೆ ಹಾಳೆ ತಟ್ಟೆ ಮಾಡುವ ಒಬ್ಬರಿದ್ದಾರೆ. ಅಡಿಕೆ ಮರದಿಂದ ತಾನಾಗಿ ಬಿದ್ದ ಹಾಳೆಯನ್ನು ಆಯ್ದು, ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತುತ್ತಾರೆ. ಅಪ್ಪಟ ಕೆಲಸ. ಆದರೆ ಅವರ ಸೈಟಿನಲ್ಲಿ ‘ಹಾಳೆ’ ಎಂಬ ಮಾತೇ ಇರಲಿಲ್ಲ. ‘ಪರಿಸರಸ್ನೇಹಿ ಭೋಜನ ಪರಿಕರಗಳು’ ಎಂದಿತ್ತು. ಅವರೆದುರೇ ಕೂತು ಕೇಳಿದೆ: ‘ಭಟ್ರೇ, ನಿಮ್ಮ ಗಿರಾಕಿಗಳು ಫೋನಿನಲ್ಲಿ ಏನಂತ ಕೇಳ್ತಾರೆ?’ ‘ಮದುವೆಗೆ ಹಾಳೆ ತಟ್ಟೆ ಬೇಕಿತ್ತು ಅಂತಾರೆ. ಬೆಂಗಳೂರಿನ ಕೇಟರಿಂಗ್‌ನವರು ಅರೆಕಾ ಪ್ಲೇಟ್ ಅಂತಾರೆ. ಹೊರದೇಶದವ್ರು ಪಾಮ್ ಲೀಫ್ ಪ್ಲೇಟ್ ಅಂತ ಮೇಲ್ ಹಾಕ್ತಾರೆ.’ ಆ ಮೂರು ಹೆಸರುಗಳೂ ಸೈಟಿಗೆ ಬಂದವು. ಹತ್ತು ಇಂಚಿನದು, ಹನ್ನೆರಡು ಇಂಚಿನದು, ದೊನ್ನೆ ಎಂದು ಒಂದೊಂದಕ್ಕೂ ಬೇರೆ ಪುಟ ಮಾಡಿದೆವು.

ಪುಟದ ತಲೆಬರಹವೂ ಈ ಲೆಕ್ಕದಲ್ಲೇ ಬರುತ್ತದೆ. ಹುಡುಕಿದಾಗ ನೀಲಿ ಅಕ್ಷರದಲ್ಲಿ ಕಾಣುವ ಸಾಲು ಸಾಮಾನ್ಯವಾಗಿ ಅದೇ. ಎಷ್ಟೋ ಸೈಟುಗಳಲ್ಲಿ ಅಲ್ಲಿ ‘ಹೋಮ್’ ಎಂದಷ್ಟೇ ಇರುತ್ತದೆ. ‘ಅಡಿಕೆ ಹಾಳೆ ತಟ್ಟೆ, ಸಗಟು ಮಾರಾಟ, ಸಾಗರ’ ಎಂದು ಬರೆದರೆ ಏನು ಸಿಗುತ್ತದೆ, ಎಲ್ಲಿ ಸಿಗುತ್ತದೆ ಎರಡೂ ತಿಳಿಯಿತು. ತೀರ ಉದ್ದ ಮಾಡಬೇಡಿ, ಗೂಗಲ್ ಕತ್ತರಿಸಿ ತೋರಿಸುತ್ತದೆ.

3. ಕನ್ನಡ ಸೈಟ್ ಆದರೆ ಯುನಿಕೋಡ್ ಇದೆಯೇ ನೋಡಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ನಮ್ಮ ಕಣ್ಣಿಗೆ ಮಾತ್ರ ಕನ್ನಡ. ನುಡಿಯ ಹಳೆಯ ಫಾಂಟಿನಲ್ಲಿ ‘ನ’ ಅಕ್ಷರದ ಹಿಂದೆ ಕೂತಿರುವುದು ಬ್ರಿಟನ್ನಿನ ಪೌಂಡ್ ಚಿಹ್ನೆ! ಗೂಗಲ್ ಓದುವುದು ಆ ಚಿಹ್ನೆಗಳನ್ನೇ. ಪರೀಕ್ಷೆ ಸುಲಭ: ಸೈಟಿನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಹಾಕಿ ನೋಡಿ. ಅಲ್ಲಿ ಕನ್ನಡ ಬಂದರೆ ಸರಿ. ಸೊಟ್ಟ ಇಂಗ್ಲಿಷ್ ಅಕ್ಷರಗಳು ಬಂದರೆ ಎಲ್ಲವನ್ನೂ ಯುನಿಕೋಡ್‌ಗೆ ಪರಿವರ್ತಿಸಬೇಕು. ಕಾಪಿ ಮಾಡಲೇ ಆಗದಿದ್ದರೆ ಅದು ಸಾಮಾನ್ಯವಾಗಿ ಚಿತ್ರ. ಕರಪತ್ರದ ಫೋಟೋ ಏರಿಸಿ ‘ವಿವರ ಎಲ್ಲಾ ಹಾಕಿದೀನಿ’ ಎನ್ನುವವರು ಬಹಳ. ದರ, ವಿಳಾಸ, ಫೋನ್ ನಂಬರು ಅಕ್ಷರದಲ್ಲೇ ಇರಲಿ. ಫೋಟೋ ಹಾಕಿದಲ್ಲೆಲ್ಲ ಅದರಲ್ಲಿ ಏನಿದೆ ಎಂದು ‘ಆಲ್ಟ್’ ಜಾಗದಲ್ಲಿ ಒಂದು ಸಾಲು ಬರೆಯಿರಿ. ಕಣ್ಣು ಕಾಣದವರ ಫೋನ್ ಓದಿ ಹೇಳುವುದೂ ಅದನ್ನೇ.

4. ಊರಿನ ಹಳೆಯ ಹೆಸರನ್ನೂ ಒಮ್ಮೆ ಬರೆಯಿರಿ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರು ಬದಲಾಯಿತು. ಶಿಮೊಗ ಹೋಗಿ ಶಿವಮೊಗ್ಗ, ಬೆಲ್ಗಾಮ್ ಹೋಗಿ ಬೆಳಗಾವಿ ಆಯಿತು. ಜನರ ಬೆರಳಿನ ಹಳೆಯ ರೂಢಿ ಇನ್ನೂ ಹೋಗಿಲ್ಲ. ದೊಡ್ಡ ಊರುಗಳ ಎರಡೂ ಹೆಸರು ಗೂಗಲ್‌ಗೆ ಗೊತ್ತಿರುತ್ತವೆ, ಹಳ್ಳಿಗಳ ವಿಷಯದಲ್ಲಿ ಆ ಭರವಸೆ ಬೇಡ.

5. ಕೀವರ್ಡ್, ಅಂದರೆ ಜನ ಹುಡುಕುವ ಪದಗಳನ್ನು, ತುರುಕಬೇಡಿ. ಒಬ್ಬ ಹೋಂಸ್ಟೇ ಮಾಲೀಕರಿಗೆ ಯಾರೋ ಪುಟದ ಕೋಡಿನೊಳಗಿನ ‘ಕೀವರ್ಡ್ ಟ್ಯಾಗ್’ ತುಂಬಿಕೊಟ್ಟು ಸಾವಿರಗಟ್ಟಲೆ ಬಿಲ್ ಮಾಡಿದ್ದರು. ಆ ಟ್ಯಾಗನ್ನು ರ‍್ಯಾಂಕಿಂಗ್‌ಗೆ ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿಯಾಗಿದೆ.

6. ಅಂಗಡಿ, ಹೋಟೆಲು, ಹೋಂಸ್ಟೇ ಇದ್ದವರು ಸೈಟಿಗಿಂತ ಮೊದಲು ಮ್ಯಾಪ್ ಸರಿಮಾಡಿಕೊಳ್ಳಿ. ಗೂಗಲ್ ಬಿಸಿನೆಸ್ ಪ್ರೊಫೈಲ್‌ಗೆ ಕಾಸು ಕೊಡಬೇಕಿಲ್ಲ. ಪಿನ್ ಸರಿಯಾದ ಗೇಟಿನ ಮುಂದೆ ಇರಲಿ. ಒಬ್ಬರ ಪಿನ್ ಹಿಂದಿನ ತೋಟದಲ್ಲಿತ್ತು. ರಾತ್ರಿ ಹೊತ್ತು ಬಂದ ಅತಿಥಿಗಳ ಕಾರು ಸೀದಾ ಅಡಿಕೆ ತೋಟದ ಬಸಿಗಾಲುವೆಗೆ ಇಳಿದಿತ್ತು.

7. ಡೊಮೈನ್, ಅಂದರೆ ಸೈಟಿನ ವಿಳಾಸ, ನಿಮ್ಮ ಹೆಸರಿನಲ್ಲೇ ಇರಲಿ, ಸೈಟ್ ಮಾಡಿದವರ ಹೆಸರಿನಲ್ಲಿ ಬೇಡ. ಹೊಸ ವಿನ್ಯಾಸ ಮಾಡಿಸಿದಾಗ ಹಳೆಯ ಪುಟಗಳ ವಿಳಾಸ ಬದಲಾದರೆ ಹಳೆಯದರಿಂದ ಹೊಸದಕ್ಕೆ ‘ರೀಡೈರೆಕ್ಟ್’ ಹಾಕಿಸಿ. ಇಲ್ಲದಿದ್ದರೆ ವರ್ಷಗಟ್ಟಲೆ ಗಳಿಸಿದ ಜಾಗ ಹೋಗುತ್ತದೆ.

8. ‘ವಾರದಲ್ಲಿ ನಂಬರ್ ಒನ್’ ಎಂದು ಫೋನ್ ಮಾಡುವವರಿಗೆ ನಮಸ್ಕಾರ ಹೇಳಿ ಇಟ್ಟುಬಿಡಿ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ಲೇ ಹೇಳುತ್ತದೆ. ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಎಂಬುದೂ ಗೂಗಲ್‌ನದೇ ಮಾತು.

9. ತಿಂಗಳಿಗೊಮ್ಮೆ ಗೂಗಲ್‌ನ ಸರ್ಚ್ ಕನ್ಸೋಲ್ ತೆರೆದು ನೋಡಿ. ಇದೂ ಪುಕ್ಕಟೆ. ಜನ ಏನು ಟೈಪ್ ಮಾಡಿದಾಗ ನಿಮ್ಮ ಸೈಟ್ ಕಂಡಿತು ಎಂಬ ಪಟ್ಟಿ ಅದರಲ್ಲಿರುತ್ತದೆ. ಭಟ್ಟರ ಪಟ್ಟಿಯಲ್ಲಿ ಮೇಲೆ ಇದ್ದದ್ದು ‘ಹಾಳೆ ತಟ್ಟೆ ಮೆಷಿನ್’. ಅವರು ಮೆಷಿನ್ ಮಾರುವವರೇ ಅಲ್ಲ! ಆದರೂ ತಾವು ಮೆಷಿನ್ ಕೊಂಡದ್ದು, ಅದಕ್ಕೆ ಬೇಕಾದ ಕರೆಂಟು, ಮಳೆಗಾಲದಲ್ಲಿ ಹಾಳೆಗೆ ಬೂಸಲು ಹಿಡಿಯದಂತೆ ಇಡುವ ಬಗೆ, ಎಲ್ಲವನ್ನೂ ಒಂದು ಪುಟದಲ್ಲಿ ಬರೆದರು. ಈಗ ಅವರ ಸೈಟಿನಲ್ಲಿ ಅತಿ ಹೆಚ್ಚು ಜನ ಓದುವುದು ಆ ಪುಟವನ್ನೇ. ತಟ್ಟೆಗೆ ಆರ್ಡರ್ ಕೊಡುವ ನಂಬರನ್ನು ಅದರ ಕೆಳಗೇ ಹಾಕಿದ್ದೇವೆ.