ಬುತ್ತಿ ಒಯ್ಯಿರಿ, ಕರಪತ್ರ ಬೇಡ

ಪ್ರಶ್ನೆ: ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ದಾವಣಗೆರೆಯ ಹೊಸ ಬಡಾವಣೆಯಲ್ಲಿದ್ದೇವೆ. ನೆರೆಯವರಿಗೆ ಯೇಸುವಿನ ಬಗ್ಗೆ ತಿಳಿಸುವ ಆಸೆ. ಕರಪತ್ರ ಹಂಚಿ, ಮಕ್ಕಳಿಗೆ ಉಚಿತ ಟ್ಯೂಷನ್ ನಡೆಸೋಣ ಎನ್ನುತ್ತಾರೆ ಸಭೆಯ ಯುವಕರು. ಕಾನೂನು ಅಡ್ಡ ಬರುತ್ತದೆಯೇ?

ವಕೀಲರ ಉತ್ತರ: ಕರಪತ್ರ ಸದ್ಯಕ್ಕೆ ಬೇಡ. ಸಂವಿಧಾನದ 25ನೇ ವಿಧಿ ಧರ್ಮ ಪ್ರಚಾರದ ಹಕ್ಕು ಕೊಟ್ಟಿದೆ, ನಿಜ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ರಾಜ್ಯದ 2022ರ ಮತಾಂತರ ನಿಷೇಧ ಕಾಯ್ದೆಯಂತೂ ಮತಾಂತರಕ್ಕಾಗಿ ಕೊಟ್ಟ ಉಡುಗೊರೆಯನ್ನೂ ಆಮಿಷವೆಂದೇ ಎಣಿಸುತ್ತದೆ. ಅದನ್ನು ಹಿಂಪಡೆಯಲು 2023ರಲ್ಲಿ ಸಚಿವ ಸಂಪುಟ ತೀರ್ಮಾನಿಸಿತ್ತು. ಈಗಿನ ಸ್ಥಿತಿಯನ್ನು ನಿಮ್ಮೂರಿನ ವಕೀಲರಲ್ಲಿ ಖಚಿತಪಡಿಸಿಕೊಳ್ಳಿ.

ಟ್ಯೂಷನ್ ನಡೆಸಿ, ಆದರೆ ಬರೀ ಗಣಿತ, ಇಂಗ್ಲಿಷ್. ಪ್ರಾರ್ಥನೆ ಸೇರಿಸಬೇಡಿ. ಪೋಷಕರ ಒಪ್ಪಿಗೆ ಬರಹದಲ್ಲಿರಲಿ.

ಉಳಿದಂತೆ, ನೆರೆಯವರು ಯುಗಾದಿಗೆ ಕರೆದರೆ ಹೋಗಿ. ಕ್ರಿಸ್‌ಮಸ್‌ಗೆ ಕೇಕ್ ಕೊಡಿ. ಯಾರಾದರೂ ಆಸ್ಪತ್ರೆ ಸೇರಿದರೆ ಬುತ್ತಿ ಒಯ್ಯಿರಿ. ಅವರಾಗಿಯೇ ನಿಮ್ಮ ನಂಬಿಕೆಯ ಬಗ್ಗೆ ಕೇಳಿದಾಗ ಮುಚ್ಚುಮರೆಯಿಲ್ಲದೆ ಹೇಳಿ. ವರ್ಷಗಟ್ಟಲೆ ಕೇಳದಿದ್ದರೂ ಬುತ್ತಿ ನಿಲ್ಲಬಾರದು. ನಿಂತರೆ ನಿಮ್ಮ ಲೆಕ್ಕಾಚಾರ ಅವರಿಗೆ ತಿಳಿದುಬಿಡುತ್ತದೆ!

ಪೊಲೀಸ್ ದೂರು, ನೋಟಿಸ್ ಬಂದರೆ ವಾದಕ್ಕಿಳಿಯದೆ ಅಂದೇ ಕ್ರಿಮಿನಲ್ ವಕೀಲರನ್ನು ಕಾಣಿ.